ಅತ್ತೆಯ ಮೂಗು, ಮಾವನ ಪೀಪಾಯಿ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ಬಿಯರ್ ಬಾಯಿಗೆ ಹಾಕಿಕೊಂಡೇ ಸಂಬಳ ತಗೊಂಡವಳು. ಹಾಗಂದರೆ ಜನ ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ. ಕುಡಿಯೋ ಕೆಲಸ ಅಲ್ಲ ಅದು. ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಬಕೆಟ್ಟಿಗೆ ಉಗಿದು, ಹೂಂ ಅಥವಾ ಊಹೂಂ ಅನ್ನೋದು. ಹೂಂ ಅಂದರೆ ಬಿಯರ್ ಬಾಟಲಿಗೆ, ಊಹೂಂ ಅಂದರೆ ಚರಂಡಿಗೆ. ಆ ಮೂಗಿಗೋಸ್ಕರ ಅವಳು ಹಸಿ ಈರುಳ್ಳಿ ಬಿಟ್ಟಳು, ಪೌಡರ್ ಬಿಟ್ಟಳು, ಸುವಾಸನೆಯ ಸೋಪು ಬಿಟ್ಟಳು. ನಾನು ಶಾಂಪೂ ಹಾಕಿದ ದಿನ ನನ್ನನ್ನು ಹಿತ್ತಲಲ್ಲಿ ಕೂರಿಸಿ ಊಟ ಹಾಕುತ್ತಿದ್ದಳು, ಪುಣ್ಯಾತ್ಗಿತ್ತಿ! ತಾಯಿ ಇಲ್ಲದ ನನ್ನನ್ನು ಸಾಕಿದ್ದು ಅವಳು ಮತ್ತು ಮಾವ. ಬೈಯುವ ಹಕ್ಕು ನನಗಿದೆ.

ಮಾವ ಅದೇ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಳ್ಳುತ್ತಿದ್ದ. ಏಳು ವರ್ಷದ ಹಿಂದೆ, ವಿಸ್ಕಿ ತುಂಬಿಟ್ಟು ಖಾಲಿ ಮಾಡಿದ್ದ ಒಂದು ಪುಟ್ಟ ಓಕ್ ಪೀಪಾಯಿಗೆ ಅವನು ಗಟ್ಟಿ ಕಪ್ಪು ಬಿಯರ್ ತುಂಬಿಸಿದ. ಇಂಪೀರಿಯಲ್ ಸ್ಟೌಟ್ ಅಂತಾರಲ್ಲ, ಅದು. ಅಂಥದ್ದು ಕಾರ್ಖಾನೆಯಲ್ಲಿ ಇದ್ದಿದ್ದೇ ಒಂದು. ಏಳು ವರ್ಷ ಯಾರೂ ಮುಟ್ಟಬೇಡಿ ಅಂದ. ನಾಲ್ಕು ವರ್ಷ ತಾನೇ ಕಾದ. ಆಮೇಲೆ ಒಂದು ಮಧ್ಯಾಹ್ನ ಅದಕ್ಕೆ ಒರಗಿ ಕೂತವನು ಏಳಲೇ ಇಲ್ಲ. ಹೃದಯ ಅಂದರು ಡಾಕ್ಟರು. ಅವನ ಕೆಲಸ ನನಗೆ ಬಂತು.

ಕಳೆದ ಚಳಿಗಾಲದಲ್ಲಿ ಅತ್ತೆಗೆ ಹತ್ತು ದಿನ ಜ್ವರ. ವಾಸಿಯಾದ ಮೇಲೆ ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಅಡುಗೆಮನೆ ತುಂಬ ಹೊಗೆ. ಒಲೆ ಮೇಲೆ ಹಾಲು ಸೀದು ತಳ ಹಿಡಿದಿದೆ. ಈಕೆ ಒಲೆಗೆ ಬೆನ್ನು ಹಾಕಿ, ಎರಡು ಮೊಳ ದೂರದಲ್ಲಿ ಕೂತು ಪೇಪರ್ ಓದುತ್ತಿದ್ದಾಳೆ.

"ಅತ್ತೇ, ಹಾಲು!"

"ಯಾವ ಹಾಲು?" ಅಂದಳು.

ನಾನು ಒಲೆ ಆರಿಸಿ ಅವಳ ಮುಖ ನೋಡಿದೆ. ಅವಳಿಗೂ ಗೊತ್ತಾಗಿತ್ತು, ನನಗೆ ಗೊತ್ತಾಯಿತು ಅಂತ. "ಯಾರಿಗೂ ಬಾಯಿ ಬಿಡಬೇಡ್ವೇ. ಮೂಗು ಹೋಯ್ತು ಅಂತ ತಿಳಿದರೆ ನಾಳೆಯಿಂದ ಒಳಗೇ ಬಿಡಲ್ಲ ನನ್ನ" ಅಂದಳು. ವಾರದೊಳಗೆ ಸಿಕ್ಕಿಬೀಳ್ತಾಳೆ, ಆಗ ನೋಡೋಣ ಅಂತ ನಾನೂ ಸುಮ್ಮನಾದೆ.

ಸಿಕ್ಕಿಬೀಳಲಿಲ್ಲ. ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಮಾವನ ಪೀಪಾಯಿಯ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಲ್ಲುವಳು. ಆಮೇಲೆ ಮೇಲೆ ಹೋಗಿ ಲೋಟ ಎತ್ತುವಳು. "ಇದರಲ್ಲಿ ನೆಂದ ಕಂಬಳಿ ವಾಸನೆ. ಆಚೆ ಚೆಲ್ಲಿ." "ಇದು ಬ್ರೆಡ್ಡಿನ ಸುಟ್ಟ ಅಂಚು, ಚೆನ್ನಾಗಿದೆ." ಲ್ಯಾಬಿನ ಹೆಂಗಸು ಯಂತ್ರಕ್ಕೆ ಹಾಕಿ ನೋಡಿದರೆ ಪ್ರತಿ ಸಲವೂ ಸರಿ! ಎಂಟು ತಿಂಗಳು ಒಂದೇ ಒಂದು ತಪ್ಪಿಲ್ಲ. ಆದರೆ ನೆಂದ ಕಂಬಳಿ, ಸುಟ್ಟ ಅಂಚು, ಅವೆಲ್ಲ ಅತ್ತೆಯ ಮಾತಲ್ಲ. ಮಾವ ಹಾಗೆ ಹೇಳುತ್ತಿದ್ದ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವರೇ ಹೇಳ್ತಾರೆ" ಅಂದಳು, ಪಕ್ಕದ ಮನೆಯವರ ಸುದ್ದಿ ಹೇಳಿದಷ್ಟು ಸಲೀಸಾಗಿ. "ಲೋಟ ಬಾಯಿಗಿಟ್ಟ ಕೂಡಲೇ, ಎಡಗಿವಿ ಹಿಂದೆ. ಪೀಪಾಯಿ ಮುಟ್ಟಿ ಬಂದರೆ ಸ್ಪಷ್ಟವಾಗಿ ಕೇಳಿಸುತ್ತೆ. ಭಾನುವಾರ ರಜೆ ನೋಡು, ಅವತ್ತು ಮಾತಿಲ್ಲ. ಕೆಲಸ ಹೋದರೆ ಹೋಗಲಿ ಅಂದ್ಕೋ, ಅವರ ದನಿ ಹೋದರೆ ನಾನು ಬದುಕಲ್ಲ."

ದುಃಖದಲ್ಲಿ ಏನೋ ಕಲ್ಪಿಸಿಕೊಂಡಿದ್ದಾಳೆ ಅನ್ನೋಣವೆಂದರೆ, ಯಂತ್ರಕ್ಕೇನು ದುಃಖ? ಅಂದಿನಿಂದ ನೆಲಮಾಳಿಗೆಯಲ್ಲಿ ಒಬ್ಬಳೇ ಇರುವಾಗ ನಾನು ಆ ಪೀಪಾಯಿಗೆ ಬೆನ್ನು ಹಾಕುತ್ತಿರಲಿಲ್ಲ.

ಏಳು ವರ್ಷ ತುಂಬಿದ ದಿನ ಬಂತು. ಬೆಳಿಗ್ಗೆ ಹನ್ನೊಂದು, ಹೊಟ್ಟೆ ಖಾಲಿ ಇದ್ದು ನಾಲಿಗೆ ಚುರುಕಾಗಿರುವ ಹೊತ್ತು. ಮಾಲೀಕರು, ಬಿಯರ್ ಬೇಯಿಸುವ ಮೇಸ್ತ್ರಿ, ಲ್ಯಾಬಿನ ಹೆಂಗಸು, ಲಾರಿ ಡ್ರೈವರ್, ಪೀಪಾಯಿ ಕಟ್ಟುವ ಇಬ್ಬರು ಅಣ್ಣತಮ್ಮಂದಿರು, ನಾನು, ಅತ್ತೆ, ಎಲ್ಲ ನೆಲಮಾಳಿಗೆಯಲ್ಲಿ ಸೇರಿದೆವು. ಪೀಪಾಯಿಯ ಮುಖಕ್ಕೆ ಹೊಡೆದ ಒಂದು ಮೊಳೆ ಇರುತ್ತದೆ. ಇಕ್ಕಳದಿಂದ ಅದನ್ನು ಎಳೆದರೆ ಸಣ್ಣ ದಾರದಷ್ಟು ಬಿಯರ್ ಚಿಮ್ಮುತ್ತದೆ, ಲೋಟಕ್ಕೆ ಹಿಡಿದು ಮೊಳೆ ವಾಪಸ್ ಚುಚ್ಚಬೇಕು. ಎಳೆದವಳು ನಾನೇ. ಎಣ್ಣೆಯಂತೆ ನಿಧಾನವಾಗಿ ಇಳಿಯಿತು, ಕಪ್ಪಂದರೆ ಕಪ್ಪು. ಹೆಬ್ಬೆರಳಿಗೆ ಅಂಟಿದ್ದನ್ನು ಕಳ್ಳತನದಲ್ಲಿ ನೆಕ್ಕಿದೆ. ಸುಟ್ಟ ಸಕ್ಕರೆ, ಕಾಫಿ, ಒಣಹಣ್ಣು, ಹಳೇ ಮರ, ಎಲ್ಲ ಒಂದರ ಹಿಂದೆ ಒಂದು ಬಂದವು, ಕೊನೆಗೆ ನಾಲಿಗೆಯ ತುದಿಯಲ್ಲಿ ಚೂರು ಉಪ್ಪು. ಅಷ್ಟು ಒಳ್ಳೆಯದನ್ನು ನನ್ನ ಜನ್ಮದಲ್ಲಿ ಬಾಯಿಗೆ ಹಾಕಿರಲಿಲ್ಲ.

ಅತ್ತೆ ಗುಟುಕು ತಗೊಂಡಳು. ಹೊರಳಿಸಿದಳು. ಮುಖ ಬಿಳಿಚಿಕೊಂಡಿತು. ಬಕೆಟ್ಟಿಗೆ ಉಗಿದು, "ಕೆಟ್ಟಿದೆ. ಯಾರೂ ಕುಡೀಬೇಡಿ" ಅಂದಳು.

ಅಂದರೆ ಮಾವನೇ ಅವಳ ಕಿವಿಯಲ್ಲಿ ಹಾಗೆ ಹೇಳಿರಬೇಕು. ಬದುಕಿದ್ದಾಗ ಮಾವ ಬಿಯರ್ ವಿಷಯದಲ್ಲಿ ಒಂದು ಸುಳ್ಳೂ ಆಡಿದವನಲ್ಲ. ಪೀಪಾಯಿ ಖಾಲಿಯಾದರೆ ತಾನು ಎಲ್ಲಿರೋದು ಅನ್ನೋ ಭಯವೇ ಅವನಿಗೆ?

ಅತ್ತೆಯ ಮಾತಿನ ಮೇಲೆ ಯಾರೂ ಎರಡನೇ ಮಾತು ಆಡುವಂತಿರಲಿಲ್ಲ. ಮಾಲೀಕರು ನಿಟ್ಟುಸಿರು ಬಿಟ್ಟು, "ಸರಿ, ಚೆಲ್ಲಿಬಿಡಿ" ಅಂದರು. ಅಣ್ಣತಮ್ಮಂದಿರು ಪೀಪಾಯಿಯನ್ನು ಚರಂಡಿಯ ಜಾಲರಿಯ ಕಡೆ ಉರುಳಿಸಿದರು. ಮೂವತ್ತೊಂದು ವರ್ಷ ಊಹೂಂ ಅಂದದ್ದೆಲ್ಲ ಅಲ್ಲಿಗೇ ಹೋಗಿತ್ತು. ಅದು ಈಗ ನೆನಪಾಯಿತು ನೋಡಿ ಅತ್ತೆಗೆ. ಓಡಿಹೋಗಿ ಪೀಪಾಯಿಯನ್ನು ತಬ್ಬಿಕೊಂಡಳು.

"ಚೆಲ್ಲಬೇಡಿ! ಕೆಟ್ಟಿಲ್ಲ ಅದು. ನನಗೆ ಮೂಗಿಲ್ಲ. ಎಂಟು ತಿಂಗಳಾಯ್ತು ನನಗೆ ಯಾವ ವಾಸನೆಯೂ ಇಲ್ಲ!" ಆಮೇಲೆ ಪೀಪಾಯಿಗೆ ಕೆನ್ನೆ ಒತ್ತಿ ಪಿಸುಗುಟ್ಟಿದಳು, "ಚರಂಡಿಗೆ ಹೋಗೋದಕ್ಕಿಂತ ಇವರ ಹೊಟ್ಟೆಗೆ ಹೋಗಿ."

ಮಾಲೀಕರೇ ಲೋಟ ಮುಂದೆ ಹಿಡಿದರು. ಏಳು ವರ್ಷ ಮರ ಹೀರಿ, ಗಾಳಿಗೆ ಆರಿ ಉಳಿದದ್ದು ಏಳೇ ಲೋಟ. ಅತ್ತೆ ತನಗೆ ಬೇಡ ಅಂದಳು, ತನಗದು ನೀರು ಕುಡಿದ ಹಾಗೆ, ದಂಡ ಅಂತ. ನಾವು ಏಳು ಜನ ತಳದವರೆಗೂ ಕುಡಿದೆವು. ಗಂಟಲಲ್ಲಿ ಬೆಚ್ಚಗೆ ಇಳಿಯಿತು, ಇಳಿದ ಮೇಲೂ ಅಲ್ಲೇ ನಿಂತ ಹಾಗಿತ್ತು.

ಅತ್ತೆ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಎಡಗಿವಿ ಹಿಂದೆ ಸದ್ದಿಲ್ಲ. ಎರಡು ದಿನ ಒಂದೇ ಸಮನೆ ಅತ್ತಳು.

ಮೂರನೇ ದಿನ ಮಾಲೀಕರು ವಿಚಾರಿಸಿಕೊಳ್ಳಲು ಬಂದರು. ಜೀವಮಾನದಲ್ಲಿ ಅತ್ತೆಯನ್ನು "ನೀವು" ಬಿಟ್ಟು ಮಾತಾಡಿಸದ ಮನುಷ್ಯ. ಪಿಂಚಣಿ ವಿಷಯ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, "ಆ ಕಿಟಕಿ ಹಾಕು, ನಿನಗೆ ಶೀತ ಆಗುತ್ತೆ" ಅಂದರು. ಅದು ಅವರ ದನಿಯಲ್ಲ. ಆಮೇಲೆ ಬಾಯಿ ಒರೆಸಿಕೊಂಡು, "ನಾನೇನಾದರೂ ಅಂದೆನಾ?" ಅಂತ ಕೇಳಿದರು. ಅತ್ತೆ ಎದ್ದು ಕಿಟಕಿ ಹಾಕಿದಳು.

ಮರುವಾರ ಡ್ರೈವರ್ ನಡುರಸ್ತೆಯಲ್ಲಿ ಲಾರಿ ನಿಲ್ಲಿಸಿ ಅತ್ತೆಗೆ, "ಆ ನೀಲಿ ಶಾಲು ನಿನಗೆ ಒಪ್ಪುತ್ತೆ" ಅಂದ. ಲ್ಯಾಬಿನ ಹೆಂಗಸು ಫೋನಿನಲ್ಲಿ ಅತ್ತೆಯ ಮಂಡಿನೋವು ಹೇಗಿದೆ ಅಂತ ಕೇಳಿದಳು, ಗಂಡಸಿನ ದನಿಯಲ್ಲಿ. ಅಣ್ಣತಮ್ಮಂದಿರಲ್ಲಿ ದೊಡ್ಡವನು ಮಾವನ ನಗು ನಕ್ಕ, ಬರೀ ನಗು. ಚಿಕ್ಕವನು ಗಂಡಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಹೆಸರಿನಿಂದ ಅತ್ತೆಯನ್ನು ಕರೆದು, ಯಾಕೆ ಕರೆದೆ ಅಂತ ತಾನೇ ಬೆವತ. ಮೇಸ್ತ್ರಿ ಮೊನ್ನೆ ಬಾಗಿಲಲ್ಲಿ ನಿಂತು, "ಸುಳ್ಳು ಹೇಳಿದೆ, ತಪ್ಪಾಯ್ತು. ಹೋಗೋಕೆ ಭಯ ಆಗಿತ್ತು" ಅಂದು ಬಂದ ಕೆಲಸವನ್ನೇ ಮರೆತು ಹೊರಟುಹೋದ. ಒಬ್ಬೊಬ್ಬರದು ಒಂದೊಂದೇ ಸಲ. ಆಮೇಲೆ ಅವರ ಮುಂದೆ ಎಷ್ಟು ಹೊತ್ತು ಕೂತರೂ ಏನೂ ಇಲ್ಲ, ಅತ್ತೆ ಕೂತು ನೋಡಿದ್ದಾಳೆ.

ಆರು ಜನ ಆದರು. ಉಳಿದವಳು ನಾನು.

ಈಗ ಊಟದ ಮೇಜಿನಲ್ಲಿ ಅತ್ತೆ ನನ್ನ ಕಣ್ಣು ನೋಡಿ ಮಾತಾಡುವುದಿಲ್ಲ, ಬಾಯಿ ನೋಡುತ್ತಾಳೆ. ಇವತ್ತು ಬೆಳಿಗ್ಗೆ ಉಪ್ಪು ಕೇಳೋಣವೆಂದು ಬಾಯಿ ತೆರೆದೆ. ಕುರ್ಚಿ ಉರುಳಿಸಿಕೊಂಡು ಓಡಿಬಂದು ನನ್ನ ಬಾಯಿಗೆ ಅಂಗೈ ಒತ್ತಿ ಹಿಡಿದಳು.

"ಇವತ್ತು ಬೇಡ್ವೇ" ಅಂದಳು, ಕಣ್ಣಲ್ಲಿ ನೀರು. "ನಾಳೆ ಹೇಳು. ನಾಳೆಯೂ ಬೇಡ."

ನಾನು ಆಗಲಿ ಅಂತ ತಲೆಯಾಡಿಸಿದೆ. ಅವಳ ಅಂಗೈಯ ಹಿಂದೆ ನನ್ನ ನಾಲಿಗೆ ತಾನಾಗಿಯೇ ಹೊರಳುತ್ತಿತ್ತು.