ಚಿಗವ್ವನ ಕಾಲ್ಗುಣ

ಮೊನ್ನೆ ಶಲವಡಿಯಲ್ಲಿ ನಮ್ಮ ಚಿಗವ್ವನ ಮನೆಯ ಮಿಕ್ಸರ್ ಸುಟ್ಟುಹೋಯಿತು. ವಾಸನೆ ಬಂದದ್ದೇ ತಡ, ನಮ್ಮ ಸೋದರತ್ತೆ ಚಿಗವ್ವನ ಹೊಸ ಸೊಸೆಯ ಕಡೆ ನೋಡಿ, "ಕಾಲ್ಗುಣ ನೋಡ್ರಿ" ಎಂದಳು.

ಆ ಮಾತನ್ನು ನಾನು ಅದೇ ಮನೆಯಲ್ಲಿ ಮೊದಲು ಕೇಳಿದ್ದು, ಕಾಕಾನನ್ನು ಮದುವೆಯಾಗಿ ಚಿಗವ್ವ ಬಂದ ಹೊಸದರಲ್ಲಿ. ಆಕೆ ಹಿಂಡಲು ಕುಳಿತ ದಿನದಿಂದ ಎಮ್ಮೆ ಒದೆಯತೊಡಗಿತು, ಹಾಲು ಅರ್ಧಕ್ಕಿಳಿಯಿತು. ನಮ್ಮಜ್ಜಿಗೆ ಯಾವುದಕ್ಕೂ ಕಾರಣ ಕೂಡಲೇ ಬೇಕು. ಮೊದಲು ಬಂದವಳು ಸೊಸೆ, ಆಮೇಲೆ ಕಡಿಮೆಯಾದದ್ದು ಹಾಲು, ಅಷ್ಟು ಸಾಕಾಯಿತು.

"ಆಕಿ ಕಾಲ್ಗುಣ. ತವರಮನಿಗಿ ಕಳಿಸಿ ನೋಡೂಣು" ಎಂದಳು.

ಚಿಗವ್ವ ಅಳಲಿಲ್ಲ. ಸಗಣಿ ಬಳಿಯುತ್ತಲೇ ಕೇಳಿದಳು, "ಅತ್ತಿ, ಮೊದಲ ಎಮ್ಮಿ ಯಾರ ಹಿಂಡತಿದ್ರಿ?"

"ನಾನಽ."

ಚಿಗವ್ವ ಅಜ್ಜಿಯ ಕೈ ನೋಡಿದಳು. ಅಜ್ಜ ತೀರಿಕೊಂಡ ಮೇಲೆ ಆ ಕೈಯಲ್ಲಿ ಬಳೆ ಇರಲಿಲ್ಲ. ಚಿಗವ್ವನ ಕೈತುಂಬ ಮದುವೆಯ ಹಸಿರು ಬಳೆ, ತೆಗೆಯುವಂತಿಲ್ಲ. ಅಂದು ಸಂಜೆ ಹಳೆ ಸೀರೆಯ ಚೂರನ್ನು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡು ಹಿಂಡಲು ಕುಳಿತಳು. ಎಮ್ಮೆ ಕಾಲು ಎತ್ತಲಿಲ್ಲ. ತಂಬಿಗೆ ತುಂಬಿತು.

ಅಜ್ಜಿ ಬಗ್ಗಿ ನೋಡಿ, "ಎಮ್ಮಿಗಿ ಬಳಿ ಸಪ್ಪಳ ಆಗಿಬರಂಗಿಲ್ಲ" ಎಂದಳು. ಕಾಲ್ಗುಣದ ಮಾತು ಮತ್ತೆ ಎತ್ತಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ.

ಮೊನ್ನೆಯೂ ಚಿಗವ್ವ ಜಗಳಕ್ಕೆ ಹೋಗಲಿಲ್ಲ. ಮಿಕ್ಸರಿನ ಮುಚ್ಚಳ ತೆಗೆದಳು. ಒಳಗೆ ಒಣಕೊಬ್ಬರಿಯ ಇಡೀ ಹೋಳು ಸಿಕ್ಕಿಕೊಂಡಿತ್ತು.

"ಇದನ್ನ ಹೆಚ್ಚಲಾರದ ಯಾರ ಹಾಕಿದ್ರಿ?"

ಸೋದರತ್ತೆ ಸೊಸೆಯ ಮೇಲಿದ್ದ ಕಣ್ಣನ್ನು ಇಳಿಸಿ, "ನಾನಽ" ಎಂದಳು.