ಸೀತಾಳೆಗೆ ಹಾಕಿದ ಮಣ್ಣು

ಬಾಲ್ಕನಿಯ ಆರ್ಕಿಡ್ ಗಿಡದ ಬೇರೊಂದು ಇವತ್ತು ಕುಂಡದಿಂದ ಹೊರಗೆ ಚಾಚಿಕೊಂಡಿತ್ತು. ಬಿಳಿ ಬೇರು, ತುದಿ ಮಾತ್ರ ಹಸಿರು. ಸಂತೇಬೆನ್ನೂರಿನ ಮನೆಯ ಚಿಕ್ಕಮ್ಮ ನೆನಪಾದರು.

ಸಾಗರದ ಕಡೆಯಿಂದ ಮದುವೆಯಾಗಿ ಬಂದ ಅವರು, ತವರಿನ ಮರದ ಮೇಲಿದ್ದ ಸೀತಾಳೆಯನ್ನು, ಅಂದರೆ ಕಾಡಿನ ಆರ್ಕಿಡ್ ಗಿಡವನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದನ್ನು ಬೀದಿಯ ಮಾವಿನ ಮರಕ್ಕೆ ಕಟ್ಟುವ ಆಸೆ ಅವರಿಗೆ. ಆದರೆ ನಮ್ಮಲ್ಲಿ ಹೊಸ ಸೊಸೆ ಬೀದಿಗೆ ಇಳಿಯುವಂತಿರಲಿಲ್ಲ. ಅಜ್ಜಿ ಗಿಡವನ್ನು ಕುಂಡದಲ್ಲಿಟ್ಟು, ಗದ್ದೆಗೆಂದು ಸೂಳೆಕೆರೆಯಿಂದ ತರಿಸಿದ್ದ ಹೂಳಿನ ಗೋಡುಮಣ್ಣನ್ನು ಬೇರು ಮುಚ್ಚುವಂತೆ ತುಂಬಿದರು.

"ಇದಕ್ಕೆ ಮಣ್ಣು ಬೇಡ ಅತ್ತೆ, ಬೇರಿಗೆ ಗಾಳಿ ಬೇಕು."

"ಗಾಳಿ ಕುಡ್ಕೊಂಡು ಬದುಕಾಕೆ ಅದೇನು ಸನ್ಯಾಸಿನಾ?" ಅಜ್ಜಿ ನಕ್ಕು, ಆಗ ಶಾಲೆಗೆ ಹೋಗುತ್ತಿದ್ದ ನನ್ನತ್ತ ತಿರುಗಿದರು. "ನಿನ್ನ ಇಂಗ್ಲಿಷ್ ಪುಸ್ತಕದಾಗೆ ಹೆಂಗೈತೆ ಹೇಳವ್ವಾ."

ಪುಸ್ತಕದಲ್ಲಿದ್ದ ಯಾವುದೋ ಗಿಡದ ಚಿತ್ರದಲ್ಲಿ ಬೇರು ಮಣ್ಣಿನೊಳಗೇ ಇತ್ತು. ಹಾಗೆಂದೆ. ಚಿಕ್ಕಮ್ಮ ಆ ಒದ್ದೆ ಬಟ್ಟೆಯನ್ನು ಮಡಚಿಕೊಂಡು ಒಳಗೆ ಹೋದರು. ದಿನವೂ ನೀರು ಹಾಕುವ ಕೆಲಸ ನನ್ನದಾಯಿತು.

ಎಲೆಗಳು ಹಳದಿಯಾದವು. ಅಜ್ಜಿ ಸಂತೆಗೆ ಹೋದ ಹೊತ್ತು ನೋಡಿ ಚಿಕ್ಕಮ್ಮ ಗಿಡ ಕಿತ್ತರು. ಬೇರುಗಳೆಲ್ಲ ಕೊಳೆತು ಒಂದೇ ಒಂದು ಉಳಿದಿತ್ತು. ತೊಳೆದು, ತಮ್ಮ ಕೋಣೆಯ ಕಿಟಕಿಯ ಮರದ ಸರಳಿಗೆ ಸೀರೆಯ ಚೂರಿನಿಂದ ಕಟ್ಟಿದರು.

ಎರಡು ಮಳೆಗಾಲ ಕಳೆದ ಮೇಲೆ ಅಜ್ಜಿಯೇ ಮನಸ್ಸು ಮಾಡಿ ಚಿಕ್ಕಮ್ಮನಿಗೆ ಹೇಳಿದರು. "ಹೋಗವ್ವ, ಬೀದಿಯ ಆ ಮಾವಿನ ಮರಕ್ಕೇ ಕಟ್ಟಿ ಬಾ."

ಅಷ್ಟರಲ್ಲಿ ಹೊಸ ಬೇರುಗಳು ಸರಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದವು. ಬಿಡಿಸಿದರೆ ಹರಿಯುತ್ತಿದ್ದವು. ಚಿಕ್ಕಮ್ಮ ಮುಟ್ಟಿ ನೋಡಿ, "ಇಲ್ಲೇ ಇರಲಿ ಬಿಡಿ ಅತ್ತೆ" ಎಂದರು.

ಅಂದು ಅಜ್ಜಿ ಪುಸ್ತಕದ ಬಗ್ಗೆ ಕೇಳಿದಾಗ ‘ನನಗೆ ಗೊತ್ತಿಲ್ಲ’ ಎಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆದರೂ ಇವತ್ತು ಹೊರಬಂದ ಬೇರು ಕಂಡೊಡನೆ, ನನ್ನ ಬೆರಳು ಅದನ್ನು ಕುಂಡದೊಳಕ್ಕೆ ತಳ್ಳಲು ಹೋಗಿತ್ತು.