ಸಾಹಿತ್ಯ ಕೇಳಬೇಕು ಎಂದವರು

ಮೊನ್ನೆ ಆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ರೀಲ್ ಟೇಪು ಹಾಳಾದಾಗ ಬರುವ ವಾಸನೆ, ಅದಕ್ಕೆ ಊದುಬತ್ತಿಯದ್ದೂ ಸೇರಿತ್ತು. ಆ ಮನುಷ್ಯನ ಬೇಸ್‌ಮೆಂಟು ಹೀಗೇ ನಾರುತ್ತಿತ್ತು. ಅವರು ಹೋದ ಮೇಲೆ ಮನೆ ಖಾಲಿ ಮಾಡುತ್ತಿದ್ದ ಅವರ ಹೆಂಡತಿ, ಡಬ್ಬಿಯ ಮೇಲೆ ನಮ್ಮ ಬ್ಯಾಂಡಿನ ಹೆಸರು ಕಂಡು ನನಗೆ ಕೊಟ್ಟಿದ್ದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನನ್ನ ಕೈಲಾಗುವುದಿಲ್ಲ.

ಕೆನಡಾದ ಮಿಸಿಸಾಗದ ನಮ್ಮ ಜನಕ್ಕೆಲ್ಲ ಅವರು ರೆಕಾರ್ಡಿಂಗ್ ಅಂಕಲ್. ಉಡುಪಿ ಕಡೆಯವರು. ವಾರವೆಲ್ಲ ಆಫೀಸು, ವೀಕೆಂಡ್ ಬಂದರೆ ಭಜನೆ, ತಾಳಮದ್ದಳೆ, ಯಾರದೋ ಮಗಳ ಸುಗಮ ಸಂಗೀತ, ಎಲ್ಲವನ್ನೂ ಟೇಪಿಗೆ ಇಳಿಸುತ್ತಿದ್ದರು. ಅಪ್ಪನೂ ಅವರೂ ಒಂದೇ ಭಜನಾ ಮಂಡಳಿ, ಒಂದೇ ತಟ್ಟೆಯ ಚಕ್ಕುಲಿ.

ತೊಂಬತ್ತರ ದಶಕದಲ್ಲಿ ನಾವು ಮೂವರು ಕಾಲೇಜು ಹುಡುಗಿಯರು ಪಂಕ್ ರಾಕ್ ಬ್ಯಾಂಡು ಕಟ್ಟಿದ್ದೆವು. ಸ್ಟುಡಿಯೋಗೆ ಹೋಗುವ ಯೋಗ್ಯತೆ ಇರಲಿಲ್ಲ, ಅವರ ಬೇಸ್‌ಮೆಂಟಿಗೇ ಹೋದೆವು. ಗಿಟಾರು, ಡ್ರಮ್ಮು, ನನ್ನ ಕಿರುಚಾಟ ಎಲ್ಲ ಒಂದೇ ರೂಮಿನಲ್ಲಿ, ಒಂದೇ ಏಟಿಗೆ. ತಪ್ಪಿದ್ದು ತಪ್ಪಿದಂತೆಯೇ ಇರಲಿ, ಏನನ್ನೂ ಮುಟ್ಟಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದೆ. ಅವರು ಹೆಡ್‌ಫೋನು ಹಾಕಿಕೊಂಡು ತಲೆಯಾಡಿಸಿದರು.

ನನಗೆ ಆ ಗದ್ದಲ ಬೇಕೇ ಬೇಕಿತ್ತು. ಇಂಗ್ಲಿಷ್ ಹಾಡುಗಳ ನಡುವೆ ಒಂದರಲ್ಲಿ ಕನ್ನಡದ ಒಂದು ಸಾಲಿತ್ತು: ಅಮ್ಮನಿಗೆ ಯಾಕೆ ಹೊಡೆದೆ? ಅದನ್ನು ಮನೆಯಲ್ಲಿ ಅಪ್ಪನಿಗೆ ಕೇಳುವ ಧೈರ್ಯ ನನಗೆ ಎಂದೂ ಬಂದಿರಲಿಲ್ಲ. ಡ್ರಮ್ಮಿನ ಸದ್ದಿನ ಮರೆಯಲ್ಲಿ ಕಿರುಚಿದರೆ ಯಾರಿಗೂ ತಿಳಿಯುವುದಿಲ್ಲ, ನನ್ನ ಹೊಟ್ಟೆಯ ಬೆಂಕಿಯೂ ತಣಿಯುತ್ತದೆ ಎಂದುಕೊಂಡಿದ್ದೆ...

ಕ್ಯಾಸೆಟ್ಟು ಬಂತು. ಡ್ರಮ್ಮು ಪಕ್ಕದ ಮನೆಗೆ ಹೋಗಿತ್ತು. ಗಿಟಾರು ಶ್ರುತಿಪೆಟ್ಟಿಗೆಯ ಹಾಗೆ ತಣ್ಣಗೆ ಹಿಂದೆ ಕೂತಿತ್ತು. ಮುಂದೆ ನಾನು, ನನ್ನ ಒಂದೊಂದು ಪದ. ಭಾವಗೀತೆಗೆ ಮಾಡುವುದನ್ನೇ ನಮಗೂ ಮಾಡಿದ್ದರು. ಯಾಕೆ ಮುಟ್ಟಿದಿರಿ ಎಂದು ಜಗಳಕ್ಕೇ ಹೋದೆ.

"ಸಾಹಿತ್ಯ ಕೇಳ್ಬೇಕಲ್ಲ ಮಾರಾಯ್ತಿ," ಎಂದರು. "ಇಲ್ಲದಿದ್ರೆ ಹಾಡಿ ಎಂತ ಪ್ರಯೋಜನ?"

ಅಷ್ಟರಲ್ಲಿ ಒಂದು ಪ್ರತಿಯನ್ನು ಅಪ್ಪನಿಗೂ ಕೊಟ್ಟಾಗಿತ್ತು. ಮಗಳ ಕಂಠ ಒಳ್ಳೆಯದುಂಟು ಎಂದು ಹೊಗಳಿ ಕೊಟ್ಟರಂತೆ. ಅಪ್ಪ ಅದನ್ನು ಕಾರಿನಲ್ಲಿ ಹಾಕಿದ್ದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮನೆಗೆ ಬಂದ ಅಪ್ಪ ನನ್ನ ಮುಖ ನೋಡದೆ ಮಹಡಿಗೆ ಹೋದರು. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

"ಇಷ್ಟು ವರ್ಷ ನಾನು ಬಾಯಿ ಮುಚ್ಕೊಂಡಿದ್ದೆ ಕಣೇ," ಎಂದಳು. "ನೀನು ಮೈಕ್ ಹಾಕಿ ಹೇಳ್ಬಿಟ್ಟೆ."

ಆಮೇಲೆ ಅವಳು ನನ್ನ ಹತ್ತಿರ ಅಡುಗೆ, ಸ್ನೋ, ಯಾರದೋ ಮದುವೆ ಬಿಟ್ಟು ಬೇರೇನೂ ಮಾತಾಡಲಿಲ್ಲ, ಸಾಯುವವರೆಗೂ.

ಅಂಕಲ್ ಮಾತ್ರ ಮುಂದಿನ ವಾರವೂ ಬಂದು ಅಪ್ಪನ ಪಕ್ಕ ಕೂತು ಕಾಫಿ ಕುಡಿದರು. ನನ್ನ ಸಿಟ್ಟು ಇರುವುದೇ ಅಲ್ಲಿ. ಆ ಸಾಲನ್ನು ಎಲ್ಲರಿಗಿಂತ ಮೊದಲು ಕೇಳಿದ ಕಿವಿ ಅವರದು. ಹೆಡ್‌ಫೋನು ಹಾಕಿ ಮತ್ತೆ ಮತ್ತೆ ಕೇಳಿ ತಿದ್ದಿ ತೀಡಿದವರು. ಉಚ್ಚಾರ ಸ್ಪಷ್ಟವಾಯಿತೇ ಎಂದಷ್ಟೇ ನೋಡಿದರು. ಏನಮ್ಮಾ, ಮನೆಯಲ್ಲಿ ಏನಾಗುತ್ತಿದೆ ಎಂದು ಒಂದು ಸಲ ಕೇಳಿದ್ದರೆ...

ಎರಡು ಸಾವಿರದ ಇಸವಿಯ ಈಚೆಗೆ ಆ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು. ಅಕ್ಕಪಕ್ಕದ ಊರುಗಳಾದ ಬ್ರಾಂಪ್ಟನ್, ಸ್ಕಾರ್ಬರೋಗಳ ನಮ್ಮಂಥದೇ ಮನೆಗಳ ಹುಡುಗಿಯರು ಅದನ್ನು ಕೇಳಿಯೇ ಬ್ಯಾಂಡು ಕಟ್ಟಿದೆವು ಎಂದು ಬಂದು ಹೇಳಿದರು. ಮಾತು ಚೆನ್ನಾಗಿ ಕೇಳುತ್ತದೆ ಅಕ್ಕಾ, ಅದಕ್ಕೇ ಇಷ್ಟ ಎಂದರು. ನಾನು ಹಲ್ಲು ಕಚ್ಚಿ ನಕ್ಕೆ.

ಡಬ್ಬಿಯಲ್ಲಿದ್ದದ್ದು ಅವರು ಕೈಯಿಡುವ ಮೊದಲಿನ ಮೂಲ ರೀಲು. ಕೊನೆಗೂ ನನ್ನ ಗದ್ದಲ ನನಗೆ ಸಿಗುತ್ತದೆ ಎಂದು, ಹಳೆಯ ಯಂತ್ರವಿದ್ದ ಗೆಳತಿಯ ಮನೆಗೆ ಹೊತ್ತುಕೊಂಡು ಹೋದೆ. ರೀಲು ತಿರುಗಿತು. ಮೊದಲು ತಾಳ ಬಂತು, ಆಮೇಲೆ ಹಾರ್ಮೋನಿಯಂ. ಟೇಪು ದಂಡ ಮಾಡಬಾರದೆಂದು ನಮ್ಮದರ ಮೇಲೆಯೇ ಭಜನೆ ತುಂಬಿಸಿದ್ದರು. ಕೊನೆಯವರೆಗೂ ಓಡಿಸಿ ನೋಡಿದೆ, ನನ್ನ ಒಂದು ಕಿರುಚಾಟವೂ ಉಳಿದಿರಲಿಲ್ಲ.

ಮುಂದಾಳಾಗಿ ಹಾಡುತ್ತಿದ್ದವರು ಅಪ್ಪ. ಸಾಹಿತ್ಯ ಬಹಳ ಚೆನ್ನಾಗಿ ಕೇಳುತ್ತಿತ್ತು.